ನೀಳಗತ್ತಿನ ಮಹೋರಗಗಳು

ಮೈಸೂರಿನ ಮೃಗಾಲಯಕ್ಕೆ ಹೋದವರು ಜಿರಾಫೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಇಂದು ನೆಲದ ಮೇಲೆ ಬದುಕಿರುವ ಪ್ರಾಣಿಗಳಲ್ಲೆಲ್ಲ ಅದರ ಕತ್ತೇ ನೀಳವಾದುದು. ಆರರಿಂದ ಎಂಟು ಅಡಿಗಳವರೆಗೆ ಇರುವುದುಂಟು. ಅಂಥ ಆರು ಕತ್ತುಗಳನ್ನು ಒಂದರ ತುದಿಗೆ ಮತ್ತೊಂದನ್ನು ಜೋಡಿಸಿದರೆ ಎಷ್ಟಾಗುವುದೋ ಅಷ್ಟು, ಎಂದರೆ ಸುಮಾರು ೫೦ ಅಡಿ ಉದ್ದದ ಕತ್ತನ್ನು ಹೊತ್ತು ನಡೆದಾಡಿದ ಪ್ರಾಣಿಯೊಂದು ಹಿಂದೆ ಇದ್ದಿತು. ಅದರ ಹೆಸರು ಮಾಮೆಂಚಿಸಾರಸ್. ಡೈನೋಸಾರುಗಳೆಂಬ ಪ್ರಾಚೀನ ಉರಗಗಳಲ್ಲಿ ಸಾರೊಪಾಡ್ ಎಂಬ ಪಂಗಡಕ್ಕೆ ಸೇರಿದುದು ಅದು. ಈ ಪಂಗಡದವು ಸುಮಾರು ೨೦ ಕೋಟಿ ವರ್ಷಗಳ ಹಿಂದಿನಿಂದ ಮೊದಲ್ಗೊಂಡು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದಿನವರೆಗೆ ಬಾಳಿದುವು. ಹಿಮಾವೃತವಾದ ಅಂಟಾರ್ಕ್ಟಿಕವೂ ಸೇರಿ ಎಲ್ಲ ಖಂಡಗಳಲ್ಲಿಯೂ ಇವುಗಳ ಎಲುಬು ದೊರೆತಿದೆ. ನಾಲ್ಕು ಕಂಬದಂಥ ಕಾಲು, ಪೀಪಾಯಿಯಂಥ ಒಡಲು, ಹಿಂದೆ ನೀಳವಾದ ಬಾಲ, ಮುಂದೆ ನೀಳವಾದ ಕತ್ತು, ಕತ್ತಿನ ತುದಿಯಲ್ಲಿ ನಗು ಬರುವಷ್ಟು ಚಿಕ್ಕದಾದ ತಲೆ, ಇದು ಇವುಗಳ ಸಾಮಾನ್ಯ ರೂಪ. ೨೦೧೭ರಲ್ಲಿ ಅರ್ಜೆಂಟೀನಾ ದೇಶದಿಂದ ವರ್ಣಿತವಾದ ಪಟಗೊಟೈಟನ್ ಎಂಬುದು ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು ೧೨೦ ಅಡಿ ಇದ್ದಿತೆಂದೂ, ತೂಕದಲ್ಲಿ ಹತ್ತು ಆನೆಗಳಿಗೆ ಸಾಟಿಯಾಗಿದ್ದಿತೆಂದೂ ಅಂದಾಜು ಮಾಡಿದ್ದಾರೆ.

ಮಾಮೆಂಚಿಸಾರಸಿನ ೫೦ ಅಡಿಯ ಲೆಕ್ಕ ಬಂದ ಬಗೆಯನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಏಕೆಂದರೆ ಇಂಥ ಅಂಕಿಗಳನ್ನು ಕೇಳಿದವರು ಆ ಕತ್ತನ್ನು ಯಾರೋ ಟೇಪು ಹಿಡಿದು ಅಳೆದರೆಂದೇ ಭಾವಿಸುವರು. ೧೯೮೭ರಲ್ಲಿ ಚೀನಾ ಮತ್ತು ಕೆನಡಾ ದೇಶಗಳ ವಿದ್ವಾಂಸರು ಕೂಡಿ ಚೀನಾದ ವಾಯವ್ಯ ಭಾಗದ ಶಿನ್‌ಜಿಯಾಂಗಿನಲ್ಲಿ ಅಗೆದಾಗ ಸಿಕ್ಕಿದ್ದು ಬಹಳ ಸ್ವಲ್ಪ: ದವಡೆಯ ಭಾಗ, ಕತ್ತಿನ ಮುಂತುದಿಯ ಕೆಲವು ಮಣಿಗಳು, ೧೩ ಅಡಿಗೂ ಮೀರಿದ ಒಂದು ಸಪೂರವಾದ ಕತ್ತಿನ ಪಕ್ಕೆಲುಬು. ಅದೇ ಸೀಮೆಯ ಶಿನ್‌ಜಿಯಾಂಗ್‌ಟೈಟನ್ ಎಂಬ ಬಂಧುವೊಂದರ ಕತ್ತು ಮಾತ್ರ ಬಹುಮಟ್ಟಿಗೆ ಇಡಿಯಾಗಿ ದೊರೆತಿದ್ದಿತು. ಅದರ ಉದ್ದ ಸುಮಾರು ೪೪ ಅಡಿ. ಇವೆರಡರ ಮಣಿಗಳನ್ನು ಹೋಲಿಸಿ, ತ್ರೈರಾಶಿಯ ಲೆಕ್ಕದಂತೆ ಗುಣಿಸಿ, ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಈ ಉದ್ದವನ್ನು ನಿರ್ಧರಿಸಲಾಯಿತು. ಇದು ಊಹೆಯೇ, ಆದರೆ ಆಧಾರವುಳ್ಳ ಊಹೆ. ಹೊಸ ಮಣಿ ಸಿಕ್ಕಿದರೆ ನಾಳೆ ತಿದ್ದಿಕೊಳ್ಳಬಹುದಾದುದು.

ತಿದ್ದಿಕೊಳ್ಳುವುದು ಈ ಶಾಸ್ತ್ರಕ್ಕೆ ಹೊಸದೇನೂ ಅಲ್ಲ. ಇಂಗ್ಲೆಂಡಿನ ರಿಚರ್ಡ್ ಓವೆನ್ ಎಂಬ ಪಂಡಿತನು ೧೮೪೧ರಲ್ಲಿ ಸಾರೊಪಾಡ್ ಒಂದರ ಎಲುಬುಗಳನ್ನು ಕಂಡು, ಇದು ಸಮುದ್ರವಾಸಿಯೆಂದು ಬಗೆದು, ತಿಮಿಂಗಿಲದಂಥ ಪಲ್ಲಿ ಎಂಬ ಅರ್ಥದ ಹೆಸರನ್ನಿಟ್ಟನು. ಡೈನೋಸಾರು ಎಂಬ ಪದವನ್ನು ಮರುವರ್ಷ ಸೃಷ್ಟಿಸಿದವನೂ ಅವನೇ. ಆದರೆ ತನ್ನ ತಿಮಿಂಗಿಲಪಲ್ಲಿಯನ್ನು ಆ ಗುಂಪಿಗೆ ಸೇರಿಸಲಿಲ್ಲ. ಮುಂದೆ ಅಮೆರಿಕದಲ್ಲಿ ಹೇರಳವಾಗಿ ಎಲುಬು ದೊರೆತ ಮೇಲೆ ಇವು ನಾಲ್ಕು ಕಾಲಿನ ಪ್ರಾಣಿಗಳೆಂಬುದು ತಿಳಿಯಿತು. ಆದರೂ ಇಷ್ಟು ಭಾರವನ್ನು ಕಾಲುಗಳು ಹೊತ್ತಾವೆ ಎಂಬ ಸಂದೇಹ ಹೋಗಲಿಲ್ಲ. ಆಳವಾದ ಜೌಗಿನಲ್ಲಿ ಒಡಲನ್ನು ಮುಳುಗಿಸಿ, ತಲೆಯನ್ನು ಮಾತ್ರ ನೀರಿನಿಂದ ಮೇಲೆತ್ತಿ, ಪಾಚಿ ತಿನ್ನುತ್ತ ಬದುಕಿದುವೆಂದು ಬಹುಕಾಲ ನಂಬಿದ್ದರು. ಹಳೆಯ ಪುಸ್ತಕಗಳ ಚಿತ್ರಗಳೆಲ್ಲ ಹಾಗೆಯೇ. ೧೯೫೧ರಲ್ಲಿ ಕರ್ಮ್ಯಾಕ್ ಎಂಬ ಇಂಗ್ಲಿಷ್ ವಿದ್ವಾಂಸನು ಒಂದು ಸರಳವಾದ ಪ್ರಶ್ನೆ ಕೇಳಿದನು: ಮೂಗು ನೀರಿನ ಮೇಲಿದ್ದು ಎದೆ ಅಷ್ಟು ಆಳದಲ್ಲಿದ್ದರೆ, ಸುತ್ತಲಿನ ನೀರಿನ ಒತ್ತಡವನ್ನು ಮೀರಿ ಆ ಪ್ರಾಣಿ ಎದೆಯನ್ನು ಹಿಗ್ಗಿಸಿ ಉಸಿರೆಳೆಯುವುದು ಹೇಗೆ? ಸಾಧ್ಯವಿಲ್ಲವೆಂದೇ ಅವನ ಉತ್ತರ. ಅಂದಿನಿಂದ ಇವು ಮೆಲ್ಲಮೆಲ್ಲನೆ ಕೆರೆಯಿಂದ ದಡಕ್ಕೆ ಹತ್ತಿದುವು. ಇವು ನಡೆದ ಹೆಜ್ಜೆಗುರುತುಗಳು ಬಂಡೆಯ ಮೇಲೆ ಅಚ್ಚೊತ್ತಿರುವ ಕಡೆಗಳಲ್ಲಿ ಬಾಲ ನೆಲಕ್ಕೆ ಎಳೆದ ಗುರುತು ಬಹುಮಟ್ಟಿಗೆ ಕಾಣದು. ಬಾಲವನ್ನೆತ್ತಿ, ಆನೆಯಂತೆ ನೇರವಾಗಿ ಕಾಲೂರಿ ನಡೆದ ಪ್ರಾಣಿಗಳಿವು.

ಬ್ರಾಂಟೊಸಾರಸಿನ ಕಥೆ ಇನ್ನೂ ವಿನೋದವಾಗಿದೆ. ಮಾರ್ಷ್ ಎಂಬ ಅಮೆರಿಕನ್ ಪ್ರಾಧ್ಯಾಪಕನು ೧೮೭೯ರಲ್ಲಿ ಆ ಹೆಸರಿಟ್ಟನು. ಅದು ತಾನೇ ಎರಡು ವರ್ಷ ಹಿಂದೆ ಅಪಾಟೊಸಾರಸ್ ಎಂದು ಕರೆದಿದ್ದ ಪ್ರಾಣಿಯ ಕುಲಕ್ಕೇ ಸೇರಿದುದೆಂದು ೧೯೦೩ರಲ್ಲಿ ಮತ್ತೊಬ್ಬ ವಿದ್ವಾಂಸನು ತೋರಿಸಿದ್ದರಿಂದ, ಮೊದಲಿಟ್ಟ ಹೆಸರೇ ಉಳಿಯಬೇಕೆಂಬ ನಿಯಮದಂತೆ ಬ್ರಾಂಟೊಸಾರಸ್ ಶಾಸ್ತ್ರದಿಂದ ಹೊರಬಿದ್ದಿತು. ೨೦೧೫ರಲ್ಲಿ ಎಲುಬುಗಳನ್ನೆಲ್ಲ ಮತ್ತೆ ಪರೀಕ್ಷಿಸಿದವರು ಎರಡೂ ಬೇರೆಯೇ ಎಂದು ತೀರ್ಮಾನಿಸಿದರು. ನೂರು ವರ್ಷ ಬಹಿಷ್ಕೃತವಾಗಿದ್ದ ಹೆಸರು ಮರಳಿ ಪಂಕ್ತಿಗೆ ಬಂದಿತು. ಈ ನಡುವೆ ಪಿಟ್ಸ್‌ಬರ್ಗ್ ನಗರದ ವಸ್ತುಸಂಗ್ರಹಾಲಯದಲ್ಲಿ ಅಪಾಟೊಸಾರಸಿನ ಅಸ್ಥಿಪಂಜರಕ್ಕೆ ಅನೇಕ ದಶಕಗಳ ಕಾಲ ತನ್ನದಲ್ಲದ ತಲೆಯನ್ನು ಕೂರಿಸಿದ್ದು, ಅದನ್ನು ಇಳಿಸಿ ಸರಿಯಾದ ತಲೆಯನ್ನಿಟ್ಟದ್ದು ೧೯೭೯ರಲ್ಲಿ.

ತಲೆಯ ಮಾತು ಬಂದುದು ಒಳ್ಳೆಯದಾಯಿತು. ನೀಳಗತ್ತಿನ ರಹಸ್ಯ ಮೊದಲು ಅಡಗಿರುವುದು ತಲೆಯಲ್ಲಿಯೇ. ಆನೆ ತಿಂದ ಸೊಪ್ಪನ್ನು ಅರೆಯಬೇಕು. ಅರೆಯುವುದಕ್ಕೆ ಬೀಸುವ ಕಲ್ಲಿನಂಥ ದವಡೆಹಲ್ಲು, ಆ ಹಲ್ಲನ್ನು ಹಿಡಿಯಲು ಭಾರವಾದ ದವಡೆ, ದವಡೆಯನ್ನಾಡಿಸಲು ದಪ್ಪನೆಯ ಸ್ನಾಯು. ಇವೆಲ್ಲ ಕೂಡಿ ಆನೆಯ ತಲೆಯನ್ನು ಅಷ್ಟು ಭಾರವಾಗಿಸಿವೆ. ಅಂಥ ತಲೆಯನ್ನು ನೀಳವಾದ ಕತ್ತಿನ ತುದಿಯಲ್ಲಿ ತೂಗಹಾಕಲಾಗದು. ಸಾರೊಪಾಡುಗಳು ಅರೆಯುವ ಕೆಲಸವನ್ನೇ ಬಿಟ್ಟುಬಿಟ್ಟವು. ಅವುಗಳ ಹಲ್ಲು ಕೊಂಬೆಯಿಂದ ಎಲೆಯನ್ನು ಸವರಿ ಕೀಳುವುದಕ್ಕೆ ಮಾತ್ರ. ಕಿತ್ತುದನ್ನು ಹಾಗೆಯೇ ನುಂಗುವುದು. ಉಳಿದ ಕೆಲಸವನ್ನು ಹಗೇವಿನಂಥ ಹೊಟ್ಟೆಗೆ ಬಿಡುವುದು. ಅಲ್ಲಿ ಸೂಕ್ಷ್ಮಜೀವಿಗಳು ದಿನಗಟ್ಟಲೆ ಅದನ್ನು ಹುಳಿಯಿಸಿ ಸಾರವನ್ನು ತೆಗೆದುಕೊಟ್ಟಿರಬೇಕು. ಒರಟು ಸೊಪ್ಪಿನಿಂದ ಸವೆಯುವ ಹಲ್ಲು ಉದುರಿ ಹೊಸದು ಬರುತ್ತಲೇ ಇದ್ದಿತು. ಆಫ್ರಿಕದ ನೈಜರ್ ದೇಶದಲ್ಲಿ ದೊರೆತ ನೈಜರ್‌ಸಾರಸಿನಲ್ಲಿ ಒಂದು ಹಲ್ಲಿನ ಬಾಳಿಕೆ ಸುಮಾರು ೧೪ ದಿನಗಳೆಂದು, ಹಲ್ಲಿನೊಳಗಿನ ಅತಿಸೂಕ್ಷ್ಮವಾದ ದಿನರೇಖೆಗಳನ್ನೆಣಿಸಿ ಲೆಕ್ಕಹಾಕಿದ್ದಾರೆ.

ಎರಡನೆಯ ರಹಸ್ಯ ಗಾಳಿ. ಅಡಿಗೆಮನೆಯ ಊದುಗೊಳವೆಯನ್ನು ಬಾಯಿಗಿಟ್ಟು, ಮೂಗು ಮುಚ್ಚಿ, ಅದರ ಮೂಲಕವೇ ಸ್ವಲ್ಪ ಹೊತ್ತು ಉಸಿರಾಡಿ ನೋಡಿದರೆ ಈ ಪ್ರಾಣಿಗಳ ಕಷ್ಟ ಅರ್ಥವಾಗುವುದು. ಹೊರಕ್ಕೆ ಬಿಟ್ಟ ಕೆಟ್ಟ ಗಾಳಿ ಕೊಳವೆಯಲ್ಲಿಯೇ ಉಳಿದು ಮರಳಿ ಒಳಕ್ಕೆ ಬರುವುದು. ಕೊಳವೆ ಉದ್ದವಾದಷ್ಟೂ ಹೊಸ ಗಾಳಿಗೆ ಎಡೆ ಕಡಮೆ. ೫೦ ಅಡಿಯ ಶ್ವಾಸನಾಳಕ್ಕೆ ನಮ್ಮಂಥ ಶ್ವಾಸಕೋಶ ಸಾಲದು. ಪಕ್ಷಿಗಳ ಏರ್ಪಾಡು ಬೇರೆ. ಅವುಗಳ ಶ್ವಾಸಕೋಶಕ್ಕೆ ಹಿಂದೆಯೂ ಮುಂದೆಯೂ ಗಾಳಿಚೀಲಗಳು ತಗುಲಿಕೊಂಡಿವೆ. ಅವು ತಿದಿಯಂತೆ ಕೆಲಸಮಾಡುವುದರಿಂದ ಉಸಿರೆಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ಹರಿಯುತ್ತದೆ. ಆ ಚೀಲಗಳ ಕವಲುಗಳು ಎಲುಬಿನೊಳಕ್ಕೂ ನುಗ್ಗಿ ಅದನ್ನು ಪೊಳ್ಳು ಮಾಡುತ್ತವೆ. ಸಾರೊಪಾಡುಗಳ ಕತ್ತಿನ ಮಣಿಗಳಲ್ಲಿಯೂ ಇಂಥವೇ ರಂಧ್ರಗಳೂ ಜೇನುಹುಟ್ಟಿನಂಥ ಗೂಡುಗಳೂ ಕಂಡುಬಂದಿವೆ. ಮಾಮೆಂಚಿಸಾರಸಿನ ಮಣಿಗಳನ್ನು ಕ್ಷಕಿರಣದ ಯಂತ್ರದಲ್ಲಿಟ್ಟು ನೋಡಿದಾಗ ಅವುಗಳ ಗಾತ್ರದಲ್ಲಿ ನೂರಕ್ಕೆ ೬೯ರಿಂದ ೭೭ ಪಾಲು ಬರಿಯ ಗಾಳಿಯೆಂದು ತಿಳಿದುಬಂದಿತು. ನೋಡುವವರಿಗೆ ತೊಲೆಯಂತೆ ಕಂಡರೂ ಎತ್ತುವವರಿಗೆ ಅದು ಬಿದಿರು. ಪಕ್ಷಿಗಳು ಡೈನೋಸಾರುಗಳ ವಂಶದವೇ ಆದುದರಿಂದ ಈ ಸಾಮ್ಯ ಆಕಸ್ಮಿಕವಲ್ಲ.

ಉಸಿರಾಟ ಪಕ್ಷಿಗಳಂತೆ ಇದ್ದರೆ ಅದರ ರೋಗವೂ ಪಕ್ಷಿಗಳಂತೆಯೇ ಇರಬೇಕಷ್ಟೆ. ಅಮೆರಿಕದ ಮಾಂಟಾನಾ ಸೀಮೆಯಲ್ಲಿ ೧೯೯೦ರಲ್ಲಿ ದೊರೆತ ಪ್ರಾಣಿಯೊಂದಕ್ಕೆ ವಿದ್ವಾಂಸರು ಡಾಲಿ ಎಂಬ ಅಡ್ಡಹೆಸರಿಟ್ಟಿದ್ದಾರೆ. ೧೫ ಕೋಟಿ ವರ್ಷಗಳ ಹಿಂದಿನದು. ಪೂರ್ತಿ ಬೆಳೆಯುವುದಕ್ಕೆ ಮೊದಲೇ ಸತ್ತುದು. ಅದರ ಕತ್ತಿನ ಮೂರು ಮಣಿಗಳಲ್ಲಿ, ಗಾಳಿಚೀಲ ಎಲುಬನ್ನು ಹೊಕ್ಕಿದ್ದ ಸ್ಥಳದಲ್ಲಿಯೇ, ಹೂಕೋಸಿನಂತೆ ಗಂಟುಗಂಟಾದ ವಿಕಾರವಾದ ಬೆಳವಣಿಗೆಯಿದೆ. ಉಸಿರಿನ ಮಾರ್ಗಕ್ಕೆ ತಗುಲಿದ ಸೋಂಕು ಎಲುಬಿಗೆ ಹಬ್ಬಿದ ಗುರುತು ಇದೆಂದು ೨೦೨೨ರಲ್ಲಿ ಪ್ರಕಟಿಸಿದರು. ಇಂದಿನ ಕೋಳಿ ಮೊದಲಾದ ಪಕ್ಷಿಗಳಿಗೆ ಬೂಷ್ಟಿನಿಂದ ಬರುವ ಶ್ವಾಸರೋಗದಂಥದೇ ಇದ್ದಿರಬಹುದೆಂದು ಅವರ ಊಹೆ. ಕೆಮ್ಮಿ, ಸೀನಿ, ಜ್ವರದಿಂದ ಬಳಲಿ, ಮೇವು ಬಿಟ್ಟು ನಿಂತ ಅಷ್ಟು ದೊಡ್ಡ ಪ್ರಾಣಿಯನ್ನು ನೆನೆದಾಗ, ಅಳತೆ ತೂಕಗಳ ಪಟ್ಟಿಗಳನ್ನು ಓದಿದಾಗ ಹುಟ್ಟದ ಕನಿಕರ ಹುಟ್ಟುವುದು.

ಈ ಕತ್ತನ್ನು ಹೇಗೆ ಹಿಡಿದುಕೊಳ್ಳುತ್ತಿದ್ದುವು? ತರಗತಿಯಲ್ಲಿ ಈ ವಿಷಯ ಬಂದಾಗ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯಿದು. ಪಂಡಿತರಲ್ಲಿ ಇನ್ನೂ ಇತ್ಯರ್ಥವಾಗದಿರುವ ಪ್ರಶ್ನೆಯೂ ಇದೇ. ೧೯೯೯ರಲ್ಲಿ ಗಣಕಯಂತ್ರದಲ್ಲಿ ಮಣಿಗಳನ್ನು ಜೋಡಿಸಿ ನೋಡಿದ ಇಬ್ಬರು ವಿದ್ವಾಂಸರು, ಡಿಪ್ಲೊಡೊಕಸ್ ಮೊದಲಾದವು ಕತ್ತನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿಕೊಂಡಿದ್ದುವು, ಹೆಚ್ಚು ಮೇಲೆತ್ತಲಾರದೆ ಇದ್ದುವು ಎಂದರು. ೨೦೦೯ರಲ್ಲಿ ಮತ್ತೆ ಮೂವರು, ಇಂದು ಬದುಕಿರುವ ಮೊಲ ಕುದುರೆ ಪಕ್ಷಿಗಳೆಲ್ಲ ಎಚ್ಚರವಾಗಿರುವಾಗ ಕತ್ತಿನ ಬುಡವನ್ನು ಮೇಲಕ್ಕೆತ್ತಿಯೇ ಇರುತ್ತವೆ, ಇವು ಮಾತ್ರ ಹೇಗೆ ಬೇರೆಯಾದಾವು ಎಂದು ವಾದಿಸಿದರು. ಮೇಲೆತ್ತಿದರೆ ತಲೆಗೆ ರಕ್ತವನ್ನೇರಿಸುವ ತೊಡಕು ಬೇರೆ. ನಮ್ಮ ರಕ್ತದ ಒತ್ತಡ ೧೨೦ರ ಆಸುಪಾಸು. ಜಿರಾಫೆಯದು ಅದರ ಸುಮಾರು ಎರಡರಷ್ಟು. ಬ್ರಾಕಿಯೊಸಾರಸಿನಂಥದು ಕತ್ತನ್ನು ನೆಟ್ಟಗೆ ನಿಲ್ಲಿಸಿದರೆ ೭೦೦ ಬೇಕಾಗುವುದೆಂದು ಶರೀರಶಾಸ್ತ್ರಜ್ಞರ ಗಣಿತ. ಅಂಥ ಹೃದಯವಿದ್ದಿತೆ? ಹೃದಯ ಶಿಲೆಯಾಗಿ ಉಳಿಯುವ ವಸ್ತುವಲ್ಲ. ಎಲ್ಲ ಜಾತಿಗಳೂ ಒಂದೇ ಬಗೆಯಾಗಿ ಕತ್ತು ಹಿಡಿದುವೆಂದು ಭಾವಿಸುವುದೇ ತಪ್ಪೆಂದು ನನಗೆ ತೋರುತ್ತದೆ. ಮುಂಗಾಲು ಎತ್ತರವಾದವು ಮರದ ತುದಿಗೂ, ಬೆನ್ನು ತಗ್ಗಾದವು ಪೊದೆಗಳಿಗೂ ಬಾಯಿ ಹಾಕಿರಬಹುದು. ಹೇಗಿದ್ದರೂ ನಿಂತಲ್ಲಿಂದ ಹೆಜ್ಜೆ ಕೀಳದೆ ಸುತ್ತಮುತ್ತಲಿನ ಮೇವನ್ನೆಲ್ಲ ಬಾಚಿಕೊಳ್ಳುವ ಪ್ರಾಣಿಗೆ ನಡೆಯುವ ಶ್ರಮ ಎಷ್ಟೋ ಉಳಿಯುವುದು.

ತಿಂದುದೇನೆಂಬುದಕ್ಕೆ ಇತ್ತೀಚೆಗೆ ನೇರವಾದ ಸಾಕ್ಷಿಯೇ ದೊರೆತಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ೨೦೧೭ರಲ್ಲಿ ಅಗೆದು ತೆಗೆದ ಡಯಮಂಟಿನಸಾರಸ್ ಒಂದರ ಹೊಟ್ಟೆಯ ಸ್ಥಳದಲ್ಲಿ ಅದು ನುಂಗಿದ್ದ ಸೊಪ್ಪು ಶಿಲೆಯಾಗಿ ಉಳಿದಿದ್ದಿತು. ೨೦೨೫ರಲ್ಲಿ ಅದರ ವರ್ಣನೆ ಹೊರಬಂದಿತು. ಸಾರೊಪಾಡಿನ ಉದರದಲ್ಲಿ ಮೇವು ನಿಸ್ಸಂಶಯವಾಗಿ ಕಂಡುದು ಇದೇ ಮೊದಲು. ಸೂಚಿಪರ್ಣಿ ಮರಗಳ ಚೂರು, ಇಂದು ನಾಶವಾಗಿಹೋಗಿರುವ ಬೀಜ ಬಿಡುವ ಜರೀಗಿಡಗಳ ಕಾಯಿ, ಹೂಬಿಡುವ ಸಸ್ಯಗಳ ಎಲೆ, ಎಲ್ಲವೂ ಅದರಲ್ಲಿದ್ದುವು. ಎತ್ತರದಲ್ಲಿಯೂ ತಗ್ಗಿನಲ್ಲಿಯೂ ಮೇದಿದ್ದಿತು; ಎಲೆಗಳು ಕತ್ತರಿಸಿದಂತಿದ್ದುವೇ ಹೊರತು ಅರೆದಂತಿರಲಿಲ್ಲ. ಎಲುಬನ್ನು ಮಾತ್ರ ನೋಡಿ ಮಾಡಿದ್ದ ಊಹೆಗೆ ಹೊಟ್ಟೆಯೇ ಸಾಕ್ಷಿ ನುಡಿಯಿತು.

ಹೊಟ್ಟೆಯ ಸಾಕ್ಷಿಗಿಂತ ಇಪ್ಪತ್ತು ವರ್ಷ ಮೊದಲೇ ನಮ್ಮ ದೇಶದಿಂದ ಸಗಣಿಯ ಸಾಕ್ಷಿ ಬಂದಿದ್ದಿತು. ಮಹಾರಾಷ್ಟ್ರದ ಪಿಸ್ದೂರ ಎಂಬಲ್ಲಿ ಕಲ್ಲಾಗಿ ಉಳಿದಿರುವ ಲದ್ದಿಯ ಉಂಡೆಗಳು ಸಿಕ್ಕುತ್ತವೆ. ಅಲ್ಲಿ ಸಾರೊಪಾಡಿನ ಎಲುಬುಗಳೂ ಇರುವುದರಿಂದ ಅವುಗಳದೇ ಲದ್ದಿಯಾಗಿರಬಹುದೆಂದು ಎಣಿಸಿದ್ದಾರೆ. ಲಕ್ನೋ ನಗರದ ವಿದ್ವಾಂಸರು ಅದನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹುಲ್ಲಿನ ಎಲೆಗಳಲ್ಲಿ ಮಾತ್ರ ಇರುವ ಮರಳಿನಂಥ ಕಣಗಳು ಕಂಡುವು. ಡೈನೋಸಾರುಗಳ ಕಾಲದಲ್ಲಿ ಹುಲ್ಲೇ ಇರಲಿಲ್ಲವೆಂದು ಅದುವರೆಗೆ ಪಾಠ ಹೇಳುತ್ತಿದ್ದರು. ೨೦೦೫ರಲ್ಲಿ ಆ ಪಾಠ ಬದಲಾಯಿತು. ಈ ಕಣಗಳಲ್ಲಿ ಕೆಲವು ಭತ್ತದ ಬಂಧುಗಳವೆಂದು ೨೦೧೧ರಲ್ಲಿ ತೋರಿಸಿದ್ದು ಅನ್ನ ಉಣ್ಣುವ ನಮಗೆ ಇನ್ನೂ ಹೆಚ್ಚಿನ ಸೋಜಿಗ.

ಭಾರತದಲ್ಲಿ ಈ ವಂಶದ ಎಲುಬು ದೊರೆತದ್ದು ಡೈನೋಸಾರು ಎಂಬ ಪದ ಹುಟ್ಟುವುದಕ್ಕೂ ೧೪ ವರ್ಷ ಮೊದಲು. ಥಗ್ಗರನ್ನು ಅಡಗಿಸಿ ಪ್ರಸಿದ್ಧನಾದ ಸ್ಲೀಮನ್ ಎಂಬ ದಂಡಾಧಿಕಾರಿಯು ೧೮೨೮ರಲ್ಲಿ ಜಬ್ಬಲಪುರದ ಬಳಿಯ ಗುಡ್ಡದಲ್ಲಿ ಬಾಲದ ಮಣಿಗಳನ್ನು ಹೆಕ್ಕಿದನು. ಅವು ಕೈಯಿಂದ ಕೈಗೆ ಸಾಗಿ ಕಲಕತ್ತೆಯನ್ನು ಸೇರಿದುವು. ೧೮೭೭ರಲ್ಲಿ ಲಿಡೆಕ್ಕರನು ಅವನ್ನು ವರ್ಣಿಸಿ ಟೈಟನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟನು. ಲೋಕದ ನಾನಾ ಕಡೆಗಳಲ್ಲಿ ಹರಡಿದ್ದ ಒಂದು ದೊಡ್ಡ ಕುಲಕ್ಕೆ, ಮೇಲೆ ಹೇಳಿದ ಪಟಗೊಟೈಟನ್ ಕೂಡ ಸೇರಿ, ಟೈಟನೊಸಾರುಗಳೆಂಬ ಹೆಸರು ಬಂದುದು ಈ ಬಾಲದ ಮಣಿಗಳಿಂದ. ಆದರೆ ಮೂಲದ ಮಣಿಗಳೇ ಕಾಣೆಯಾದುವು! ಎಲ್ಲಿವೆಯೆಂದು ಯಾರಿಗೂ ತಿಳಿಯದೆ ಬಹುಕಾಲ ಕಳೆದು, ೨೦೧೨ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಭೂಸರ್ವೇಕ್ಷಣ ಇಲಾಖೆಯ ಸಂಗ್ರಹಗಳನ್ನು ಶೋಧಿಸಿದಾಗ ಸ್ಲೀಮನ್ನನ ಮಣಿಯೊಂದು ಮರಳಿ ಕೈಸೇರಿತು. ಅಷ್ಟರಲ್ಲಿ, ಲಿಡೆಕ್ಕರನು ಅಪೂರ್ವವೆಂದೆಣಿಸಿದ್ದ ಲಕ್ಷಣಗಳು ಇಡೀ ಕುಲಕ್ಕೇ ಸಾಧಾರಣವೆಂದು ತಿಳಿದು, ಟೈಟನೊಸಾರಸ್ ಎಂಬ ಜಾತಿಯೇ ಸಂದೇಹಾಸ್ಪದವೆಂದು ತೀರ್ಪಾಗಿದ್ದಿತು. ಕುಲ ಉಳಿಯಿತು, ಕುಲಮೂಲ ಹೋಯಿತು.

ಕೋಲ್ಕತ್ತದಲ್ಲಿಯೇ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ, ಬಾರಾಪಾಸಾರಸಿನ ಅಸ್ಥಿಪಂಜರ ನಿಂತಿದೆ. ಗೋದಾವರಿ ಪ್ರಾಣಹಿತಾ ನದಿಗಳ ಕಣಿವೆಯಲ್ಲಿ ಕನಿಷ್ಠ ಆರು ಪ್ರಾಣಿಗಳ ಸುಮಾರು ೩೦೦ ಎಲುಬುಗಳು ಕಲೆತು ಬಿದ್ದಿದ್ದುವು. ತೊಡೆಯೆಲುಬೊಂದು ಐದೂವರೆ ಅಡಿ. ಬಂಗಾಳಿಯಲ್ಲಿ ಬಾರಾ ಪಾ ಎಂದರೆ ದೊಡ್ಡ ಕಾಲು. ಅಗೆತ ನಡೆದ ೧೯೬೧ ರವೀಂದ್ರರ ಜನ್ಮಶತಾಬ್ದಿಯ ವರ್ಷವಾದುದರಿಂದ ೧೯೭೫ರಲ್ಲಿ ನಾಮಕರಣವಾದಾಗ ಠಾಕೂರರ ಹೆಸರನ್ನೂ ಸೇರಿಸಿದರು. ಅಷ್ಟು ಎಲುಬುಗಳ ರಾಶಿಯಲ್ಲಿ ಕೆಲವು ಹಲ್ಲುಗಳು ಸಿಕ್ಕಿದುವೇ ಹೊರತು ತಲೆಬುರುಡೆ ಸಿಕ್ಕಲಿಲ್ಲ. ನೀಳಗತ್ತಿನ ತುದಿಯ ಚಿಕ್ಕ ತಲೆ ಸತ್ತೊಡನೆ ಕಳಚಿಹೋಗುವುದು ಈ ಪಂಗಡದ ಸಾಮಾನ್ಯವಾದ ದುರದೃಷ್ಟ. ೧೯೯೭ರಲ್ಲಿ ವರ್ಣಿತವಾದ ಈಸಿಸಾರಸಿಗೆ ಸಾರೊಪಾಡುಗಳಲ್ಲಿ ವಿರಳವಾದ ಗಿಡ್ಡಗತ್ತು, ನೀಳವಾದ ಮುಂಗಾಲು. ೨೦೨೩ರಲ್ಲಿ ರಾಜಸ್ಥಾನದ ಜೈಸಲ್ಮೇರ್ ಮರಳುಗಾಡಿನಿಂದ ಬಂದ ಥಾರೊಸಾರಸ್ ೧೬ ಕೋಟಿ ೭೦ ಲಕ್ಷ ವರ್ಷಗಳದು. ತನ್ನ ಶಾಖೆಯಲ್ಲಿ ಅದುವರೆಗೆ ತಿಳಿದಿದ್ದವುಗಳಿಗೆಲ್ಲ ಹಿರಿಯದು.

ಮೈಸೂರು ಸೀಮೆಯಲ್ಲಿ ಇಂಥವು ಏಕೆ ಸಿಕ್ಕುವುದಿಲ್ಲವೆಂದು ಕೇಳಬಹುದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಉತ್ತರ ಕಾಲ ಕೆಳಗೇ ಇದೆ. ಆ ಶಿಲೆ ಸುಮಾರು ೩೦೦ ಕೋಟಿ ವರ್ಷಗಳದು. ಎಲುಬುಳ್ಳ ಪ್ರಾಣಿಯೇ ಭೂಮಿಯಲ್ಲಿಲ್ಲದ ಕಾಲದ್ದು. ಎಲುಬು ಉಳಿಯಬೇಕಾದರೆ ಅದನ್ನು ಮುಚ್ಚುವ ಹೂಳು ಬೇಕು. ಬೆಳಗಾವಿ ವಿಜಯಪುರಗಳ ಕಡೆಯ ಕರಿಕಲ್ಲಾದರೋ ಡೈನೋಸಾರುಗಳ ಕೊನೆಗಾಲದಲ್ಲಿ ಉಕ್ಕಿದ ಲಾವಾ. ಅದು ಸವೆದು ಆದುದೇ ಅಲ್ಲಿಯ ಎರೆಭೂಮಿ. ಅದೇ ಲಾವಾ ಉತ್ತರದಲ್ಲಿ ನರ್ಮದೆಯ ಕಣಿವೆಯವರೆಗೂ ಹರಡಿ, ಅಲ್ಲಿ ಸಾರೊಪಾಡುಗಳು ಮೊಟ್ಟೆಯಿಟ್ಟಿದ್ದ ಸುಣ್ಣದ ಮಣ್ಣನ್ನು ಮುಚ್ಚಿ ಕಾಪಾಡಿತು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ೯೨ ಗೂಡುಗಳನ್ನೂ ೨೫೬ ಮೊಟ್ಟೆಗಳನ್ನೂ ಗುರುತಿಸಿ ೨೦೨೩ರಲ್ಲಿ ಪ್ರಕಟಿಸಿದ್ದಾರೆ. ಗೂಡುಗಳು ಒತ್ತೊತ್ತಾಗಿವೆ, ಅಷ್ಟು ದೊಡ್ಡ ತಾಯಿ ನಡುವೆ ಕಾಲಿಡಲು ಸ್ಥಳವಿಲ್ಲ. ಮೊಟ್ಟೆಯಿಟ್ಟು ಹೊರಟುಹೋದುವೆಂದೇ ತಿಳಿಯಬೇಕು. ಆರಂಗುಲ ಅಗಲದ ಮೊಟ್ಟೆಯಿಂದ ಹೊರಟು ಆನೆಗಳನ್ನು ಮೀರಿಸುವವರೆಗೆ ಬೆಳೆಯಬೇಕಾದ ಮರಿ ಮೊದಲನೆಯ ದಿನದಿಂದಲೇ ತಬ್ಬಲಿ.

ಅಂಥ ಮರಿಗೆ ಕಾದಿದ್ದ ಗತಿಯನ್ನು ಗುಜರಾತಿನ ಕಲ್ಲೊಂದು ತೋರಿಸುತ್ತದೆ. ೧೯೮೪ರಲ್ಲಿ ಧನಂಜಯ ಮೋಹಬೇ ಎಂಬ ಭೂಶಾಸ್ತ್ರಜ್ಞರು ಢೋಲಿ ಡುಂಗ್ರಿ ಎಂಬ ಹಳ್ಳಿಯಲ್ಲಿ ಮೊಟ್ಟೆಗಳಿದ್ದ ಕಲ್ಲಿನ ತುಂಡನ್ನು ತೆಗೆದರು. ಜೊತೆಗಿದ್ದ ಸಣ್ಣ ಎಲುಬುಗಳೆಲ್ಲ ಮರಿಯವೆಂದು ತೋರಿದುವು. ೨೦೦೧ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಅದೇ ಕಲ್ಲನ್ನು ನೋಡುತ್ತ ಆ ಎಲುಬುಗಳಲ್ಲಿ ಕೆಲವು ಹಾವಿನ ಬೆನ್ನಿನ ಮಣಿಗಳೆಂದು ಕಂಡರು. ಹನ್ನೊಂದು ಅಡಿಯಷ್ಟು ಉದ್ದದ ಹಾವು ಗೂಡಿನಲ್ಲಿ, ಒಡೆದ ಮೊಟ್ಟೆಯ ಸುತ್ತ, ಸುರುಳಿ ಸುತ್ತಿಕೊಂಡಿದೆ. ಪಕ್ಕದಲ್ಲಿ ಒಂದೂವರೆ ಅಡಿಯ ಮರಿ. ಹಾವಿನ ಬಾಯಿ ಇಡೀ ಮೊಟ್ಟೆಯನ್ನು ನುಂಗುವಷ್ಟು ಹಿಗ್ಗುತ್ತಿರಲಿಲ್ಲ. ಮರಿ ಹೊರಬರುವುದನ್ನೇ ಕಾದಿದ್ದಿತು. ಅಷ್ಟರಲ್ಲಿ ಮಣ್ಣೋ ಮರಳೋ ಕುಸಿದು ಬಿದ್ದು ಎರಡನ್ನೂ ಹೂಳಿಬಿಟ್ಟಿತು. ಆ ಹಾವಿಗೆ ೨೦೧೦ರಲ್ಲಿ ಸನಾಜೆ ಇಂಡಿಕಸ್ ಎಂದು ನಾಮಕರಣವಾಯಿತು.

ಇಷ್ಟು ವರ್ಷ ಕೈಯಲ್ಲಿಯೇ ಇದ್ದು ಕಾಣದಿದ್ದುದು ಇದೊಂದೇ ಅಲ್ಲ. ಕಚ್ಛದ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ೨೦೦೫ರಲ್ಲಿ ಸಂಗ್ರಹಿಸಿದ ೨೭ ಮಣಿಗಳನ್ನು ಮೊಸಳೆಯವೆಂದು ಬಗೆದು ಇಟ್ಟಿದ್ದರು. ಅನೇಕ ವರ್ಷಗಳ ಮೇಲೆ ರೂರ್ಕಿಯಲ್ಲಿ ಅವನ್ನು ತೊಳೆದು ಸರಿಯಾಗಿ ನೋಡಿದಾಗ ಅವೂ ಹಾವಿನವು. ಅತಿ ಅಗಲವಾದ ಮಣಿ ನಾಲ್ಕು ಅಂಗುಲಕ್ಕೂ ಮಿಕ್ಕಿದುದು. ೪ ಕೋಟಿ ೭೦ ಲಕ್ಷ ವರ್ಷಗಳ ಹಿಂದೆ, ಸಾರೊಪಾಡುಗಳೆಲ್ಲ ಅಳಿದು ಬಹುಕಾಲವಾದ ಮೇಲೆ, ಕಚ್ಛದ ಜೌಗಿನಲ್ಲಿ ಹರಿದಾಡಿದ ಈ ಹಾವು ೩೬ರಿಂದ ೫೦ ಅಡಿ ಇದ್ದಿರಬೇಕೆಂದು ೨೦೨೪ರಲ್ಲಿ ಲೆಕ್ಕಕೊಟ್ಟಿದ್ದಾರೆ. ಅದಕ್ಕಿಟ್ಟ ಹೆಸರು ವಾಸುಕಿ.